ಆ ಹತ್ತು ನಿಮಿಷ

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ದಾರಕ್ಕೆ ಪೋಣಿಸಿದ ಹಾಗಿದ್ದವು. ಮೊದಲ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಉಳಿದಿಬ್ಬರು ಬೇಜಾರು ಮಾಡಿಕೊಳ್ಳಬಾರದು.

ಪ್ರಶ್ನೆ: ಮೇಡಂ, ನನಗೆ 34 ವರ್ಷ. ಮಂಡ್ಯ ಜಿಲ್ಲೆ. ಹದಿನಾಲ್ಕು ತಿಂಗಳ ಹಿಂದೆ ನಾನು ಮತ್ತು ನನ್ನ ತಮ್ಮ ನೆಂಟರ ಮದುವೆ ರಿಸೆಪ್ಷನ್ ಮುಗಿಸಿ ರಾತ್ರಿ ಬೈಕಿನಲ್ಲಿ ಊರಿಗೆ ಬರುತ್ತಿದ್ದೆವು. ಬೈಕ್ ಓಡಿಸುತ್ತಿದ್ದವನು ನಾನು. ದಾರಿಯಲ್ಲಿ ಟೀಗೆ ನಿಲ್ಲಿಸಿದವನೂ ನಾನೇ. ಹತ್ತು ನಿಮಿಷ. ಅಲ್ಲಿಂದ ಎರಡು ಕಿಲೋಮೀಟರ್ ಬಂದಿರಬಹುದು. ಕಬ್ಬು ತುಂಬಿದ ಟ್ರಾಕ್ಟರ್ ರಸ್ತೆಯಲ್ಲೇ ಕೆಟ್ಟು ನಿಂತಿತ್ತು. ಹಿಂದೆ ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ. ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆಯಿತು. ನನಗೆ ಕಾಲು ಮುರಿಯಿತು, ತಮ್ಮ ಅಲ್ಲೇ ಹೋದ. ಅವನ ತಲೆ ಮೇಲೆ ಹೆಲ್ಮೆಟ್ ಇರಲಿಲ್ಲ. ಈಗ ದಿನಾ ರಾತ್ರಿ ಹನ್ನೊಂದಕ್ಕೆ ಶುರುವಾಗುತ್ತದೆ. ಟೀಗೆ ನಿಲ್ಲಿಸದಿದ್ದರೆ? ಸಕ್ಕರೆ ಕಡಿಮೆ ಅಂತ ಇನ್ನೊಂದು ಟೀ ಹೇಳದಿದ್ದರೆ? ಅಲ್ಲೇ ನೆಂಟರ ಮನೆಯಲ್ಲಿ ಮಲಗಿದ್ದರೆ? ಒಂದು ಕ್ವಾರ್ಟರ್ ಹಾಕಿದರೆ ಮಾತ್ರ ನಿದ್ದೆ. ಗೆಳೆಯನೊಬ್ಬ ವಾಟ್ಸಾಪಿನಲ್ಲಿ ವಿಡಿಯೋ ಕಳಿಸಿದ್ದ. ದೊಡ್ಡ ಪೆಟ್ಟು ತಿಂದವರು ಮೊದಲಿಗಿಂತ ಗಟ್ಟಿಯಾಗುತ್ತಾರಂತೆ. ನಾನು ಮೊದಲಿನಷ್ಟೂ ಇಲ್ಲ. ಹೋದ ತಿಂಗಳು ಪೇಟೆಗೆ ಹೋದಾಗ ಒಂದು ರೋಲ್ ರಿಫ್ಲೆಕ್ಟರ್ ಟೇಪ್ ತಂದೆ. ಯಾಕೆ ತಂದೆ ಗೊತ್ತಿಲ್ಲ, ಬೀರು ಮೇಲೆ ಬಿದ್ದಿದೆ. ಈ ಯೋಚನೆ ನಿಲ್ಲಿಸುವುದು ಹೇಗೆ ಹೇಳಿ.

ಉತ್ತರ: ನಿಮ್ಮನ್ನು ‘ತಮ್ಮಾ’ ಅಂತ ಕರೆದು ಶುರು ಮಾಡೋಣ ಅಂತ ಪೆನ್ನು ಎತ್ತಿದೆ. ನನಗಿಂತ ಚಿಕ್ಕವರನ್ನೆಲ್ಲ ಹಾಗೇ ಕರೆದು ರೂಢಿ. ಈಗ ಆ ಮಾತು ನಿಮ್ಮ ಕಿವಿಗೆ ಹೇಗೆ ಬೀಳಬಹುದು ಅಂತ ಆಮೇಲೆ ಹೊಳೆಯಿತು, ನಿಲ್ಲಿಸಿದೆ. ಸುಮ್ನೆ ವಿಷಯಕ್ಕೇ ಬರುತ್ತೇನೆ.

ಮೊದಲು ಒಂದು ಮಾತು ಕೇಳಬೇಕು. ತಮ್ಮನ ಹಿಂದೆಯೇ ನಾನೂ ಹೋಗಿಬಿಡಬೇಕು ಅಂತ ಯಾವತ್ತಾದರೂ ಅನಿಸಿದೆಯಾ? ನೀವು ಬರೆದಿಲ್ಲ. ಆದರೆ 27 ವರ್ಷ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಸಮಾಜ ಕಾರ್ಯಕರ್ತೆಯಾಗಿ ಕೂತವಳು ನಾನು. ಬರೆಯದೆ ಬಿಟ್ಟಿದ್ದನ್ನೂ ಕೇಳಿಯೇ ಅಭ್ಯಾಸ. ಹಾಗೆ ಅನಿಸಿದ್ದರೆ ಈ ಪುಟ ಮಡಿಚಿಟ್ಟು 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಅದರ ಹೆಸರು. ಸರ್ಕಾರದ್ದು, ದುಡ್ಡು ಕೊಡಬೇಕಿಲ್ಲ, ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಆ ಕ್ವಾರ್ಟರ್. ಬೈಯುವುದಿಲ್ಲ. ಕುಡಿದು ಬರುವ ನಿದ್ದೆ ನಡುರಾತ್ರಿಗೆ ಒಡೆಯುತ್ತದೆ. ಮೂರು ಗಂಟೆಗೆ ಎಚ್ಚರ ಆದಾಗ ಅದೇ ಟೀ ಅಂಗಡಿ ಕಾಯುತ್ತಾ ಇರುತ್ತದೆ, ಅಲ್ವಾ? ಆದರೆ ತಿಂಗಳುಗಟ್ಟಲೆ ದಿನಾ ಕುಡಿದವರು ಒಂದೇ ಏಟಿಗೆ ಬಿಟ್ಟರೆ ಕೈ ನಡುಕ, ಫಿಟ್ಸ್ ತನಕ ಹೋಗಬಹುದು. ಆದ್ದರಿಂದ ಡಾಕ್ಟರಿಗೆ ಹೇಳಿಯೇ ಬಿಡಿ. ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್‌ನಲ್ಲಿ ಮನೋರೋಗ ವಿಭಾಗ ಇದೆ. ಅಲ್ಲಿ ಕುಡಿತದ ಜೊತೆ ಅಪಘಾತದ ವಿಷಯವನ್ನೂ ಬಾಯಿಬಿಟ್ಟು ಹೇಳಿ. ಕನಸಿನಲ್ಲಿ ಅದೇ ಬರುತ್ತಿದ್ದರೆ, ಆ ರಸ್ತೆಗೆ ಕಾಲಿಡಲು ಆಗದಿದ್ದರೆ, ಹಾರ್ನ್ ಕೇಳಿದರೆ ಮೈ ಜುಂ ಅನ್ನುತ್ತಿದ್ದರೆ ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ. ಒಂದು ತಿಂಗಳು ದಾಟಿದ ಮೇಲೂ ಹಾಗೇ ಇದ್ದರೆ ಕಾಯಬಾರದು. ನಿಮಗೆ ಹದಿನಾಲ್ಕಾಗಿದೆ.

ಈಗ ನಿಮ್ಮ ಪ್ರಶ್ನೆ. ಯೋಚನೆ ನಿಲ್ಲಿಸುವುದು ಹೇಗೆ?

ನಮ್ಮದು ತೀರ್ಥಹಳ್ಳಿ ಕಡೆ, ಕೊಟ್ಟಿಗೆ ತುಂಬ ದನ ಇದ್ದ ಮನೆ. ಸಂಜೆ ಲಾಟೀನು ಹಿಡಿದು ಅಪ್ಪ ಒಂದು ಸುತ್ತು ಬರುತ್ತಿದ್ದರು. ಅವರು ನೋಡುತ್ತಿದ್ದದ್ದು ಹುಲ್ಲು ಖಾಲಿಯಾಗಿದೆಯಾ ಅಂತ ಅಲ್ಲ, ಹಸುವಿನ ದವಡೆ ಆಡುತ್ತಿದೆಯಾ ಅಂತ. ‘ಗೌರಿ ಮೆಲುಕು ನಿಲ್ಸಿದೆ ಕಣೇ’ ಅಂದರೆ ಅಮ್ಮ ಓಮ, ಶುಂಠಿ ಕುಟ್ಟಲು ಕೂರುತ್ತಿದ್ದರು. ಹಸು ಬಯಲಲ್ಲಿ ಗಬಗಬ ನುಂಗಿ ಬಂದದ್ದು ಅಗಿದದ್ದಲ್ಲ. ಮಲಗಿ, ಮತ್ತೆ ಬಾಯಿಗೆ ತಂದು, ನಿಧಾನ ಅಗಿದರೆ ಮಾತ್ರ ಅದು ಮೈಗೆ ಹತ್ತುತ್ತದೆ. ಇಂಗ್ಲಿಷಿನಲ್ಲಿ ನಿಮ್ಮ ಯೋಚನೆಗೆ ಇರುವ ಹೆಸರು ರೂಮಿನೇಶನ್. ಅದೂ ಮೆಲುಕೇ. ನಮ್ಮವರು ಮಾತ್ರ ಎರಡು ಪದ ಇಟ್ಟುಕೊಂಡಿದ್ದಾರೆ. ಒಂದು ಮೆಲುಕು, ಇನ್ನೊಂದು ಕೊರಗು. ವಿಜ್ಞಾನಿಗಳು ಈ ಎರಡನ್ನು ಬೇರೆ ಮಾಡಲು ತುಂಬಾ ಕಾಲ ತೆಗೆದುಕೊಂಡರು.

ಆ ಕಥೆ ಸ್ವಲ್ಪ ಹೇಳುತ್ತೇನೆ, ನಿಮಗೆ ಬೇಕಾಗುತ್ತದೆ. 1989ರ ಅಕ್ಟೋಬರ್ 17ರ ಸಂಜೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ದೊಡ್ಡ ಭೂಕಂಪ ಆಯಿತು. ಅಲ್ಲೇ ಹತ್ತಿರದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸೂಸನ್ ನೋಲೆನ್-ಹೊಕ್ಸೆಮಾ ಅಂತ ಮನೋವಿಜ್ಞಾನಿ ಇದ್ದರು. ಬೇಜಾರಾದಾಗ ನೀವು ಏನು ಮಾಡುತ್ತೀರಿ ಅಂತ ಅವರು ಹುಡುಗ ಹುಡುಗಿಯರಿಂದ ಪ್ರಶ್ನಾವಳಿ ತುಂಬಿಸಿಕೊಂಡು ಆಗಷ್ಟೇ 14 ದಿನ ಆಗಿತ್ತು. ಅಷ್ಟರಲ್ಲಿ ನೆಲ ನಡುಗಿತು. ಅವರು ಅದೇ ವಿದ್ಯಾರ್ಥಿಗಳನ್ನು ಭೂಕಂಪ ಆದ 10 ದಿನಕ್ಕೆ ಒಂದು ಸಲ, 7 ವಾರಕ್ಕೆ ಇನ್ನೊಂದು ಸಲ ವಿಚಾರಿಸಿದರು. ಮೊದಲಿಂದಲೂ ‘ನನಗೇ ಯಾಕೆ ಹೀಗೆ’ ಅಂತ ಒಳಗೊಳಗೇ ಸುತ್ತುವ ಅಭ್ಯಾಸ ಇದ್ದವರು ಏಳು ವಾರ ಕಳೆದ ಮೇಲೂ ಜಾಸ್ತಿ ಕುಗ್ಗಿದ್ದರು. ಎಲ್ಲರಿಗೂ ನಡುಗಿದ್ದು ಅದೇ ನೆಲ.

ಇದನ್ನು ಕೇಳಿದರೆ ಯೋಚನೆ ಮಾಡುವುದೇ ತಪ್ಪು ಅನಿಸುತ್ತದೆ. ಬಹಳ ಜನ ಹಾಗೇ ತಿಳಿದುಕೊಂಡರು. ಆದರೆ 2003ರಲ್ಲಿ ಅದೇ ಸೂಸನ್ ಮತ್ತು ಜೊತೆಗಾರರು ತಮ್ಮ ಪ್ರಶ್ನೆಗಳನ್ನೇ ಮತ್ತೆ ಬಿಡಿಸಿ ನೋಡಿದರು. ಒಳಗೆ ಎರಡು ಬೇರೆ ಬೇರೆ ಸಂಗತಿ ಸಿಕ್ಕಿದವು. ಒಂದು, ಕೂತು ಕೊರಗುವುದು. ಇನ್ನೊಂದು, ಆದದ್ದನ್ನು ಬಿಡಿಸಿ ನೋಡುವುದು. ಕೊರಗುವವರು ದಿನ ಕಳೆದಂತೆ ಇನ್ನಷ್ಟು ಕುಗ್ಗುತ್ತಿದ್ದರು. ಬಿಡಿಸಿ ನೋಡುವವರಿಗೂ ಆ ಹೊತ್ತಿಗೆ ನೋವು ಇತ್ತು, ಆದರೆ ಕಾಲ ಹೋದಂತೆ ಅವರ ಭಾರ ಇಳಿಯುತ್ತಿತ್ತು. ಒಂದು ದಿನದ ಮಟ್ಟಿಗೆ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಅದೇ ಕಷ್ಟ. ಮನೆಯವರಿಗೂ ಅವನು ಗೋಡೆ ನೋಡುತ್ತಾ ಕೂತಿದ್ದಾನೆ ಅಂತಷ್ಟೇ ಕಾಣುವುದು.

ನಿಮ್ಮದು ಯಾವುದು? ಪತ್ರ ನಾಲ್ಕು ಸಲ ಓದಿದೆ. ಅದರಲ್ಲಿ ‘ಆಗದಿದ್ದರೆ’, ‘ಮಾಡದಿದ್ದರೆ’, ‘ಇದ್ದರೆ’. ಟ್ರಾಕ್ಟರಿನವನು ಒಂದು ಕೆಂಪು ಲೈಟು ಹಾಕಿದ್ದರೆ ಅಂತ ಒಂದು ಸಲವೂ ಇಲ್ಲ. ಇದು ನಿಮ್ಮೊಬ್ಬರದೇ ವಿಚಿತ್ರ ಅಲ್ಲ. ರಸ್ತೆ ಅಪಘಾತದಲ್ಲಿ ಗಂಡ, ಹೆಂಡತಿ ಅಥವಾ ಮಗುವನ್ನು ಕಳೆದುಕೊಂಡವರನ್ನು 4ರಿಂದ 7 ವರ್ಷ ಆದ ಮೇಲೆ ಮಾತಾಡಿಸಿದ ಒಂದು ಅಧ್ಯಯನ 1995ರಲ್ಲಿ ಬಂತು. ಅಷ್ಟು ವರ್ಷ ಆದರೂ ಅವರಲ್ಲಿ ತುಂಬಾ ಜನ ಇನ್ನೂ ‘ಹಾಗಾಗದಿದ್ದರೆ’ ಅಂತ ಆ ದಿನವನ್ನು ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು. ಬಿಚ್ಚುವಾಗ ಬದಲಾಯಿಸುತ್ತಿದ್ದದ್ದು ಬಹುಪಾಲು ತಮ್ಮದೇ ನಡೆಯನ್ನು, ಗುದ್ದಿದವನದ್ದನ್ನಲ್ಲ. ಹಾಗೆ ಬಿಚ್ಚುತ್ತಲೇ ಇದ್ದವರಿಗೆ ಸಂಕಟ ಜಾಸ್ತಿ ಇತ್ತು. ನನಗೆ ಅನಿಸುವುದು ಇಷ್ಟು. ಮನಸ್ಸಿಗೆ ಟ್ರಾಕ್ಟರ್ ಮೇಲೆ ಹಿಡಿತ ಇಲ್ಲ, ಟೀ ಮೇಲೆ ಇದೆ. ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಜಗ್ಗುತ್ತದೆ.

ನನ್ನದೂ ಒಂದು ಟೀ ಇದೆ. ನನ್ನ ಅಮ್ಮ ಒಂದು ದಿನ ಬೆಳಿಗ್ಗೆ ಊರಿಂದ ಫೋನ್ ಮಾಡಿದರು. ಮಾತು ಸ್ವಲ್ಪ ತೊದಲುತ್ತಿತ್ತು. ಹಲ್ಲಿನ ಸೆಟ್ಟು ಹಾಕಿಲ್ಲ ಅಂದುಕೊಂಡೆ. ‘ಸೆಟ್ಟು ಹಾಕ್ಕೊಂಡು ಮಾತಾಡಮ್ಮಾ, ಏನೂ ಗೊತ್ತಾಗ್ತಿಲ್ಲ’ ಅಂತ ನಕ್ಕುಬಿಟ್ಟೆ. ಮಧ್ಯಾಹ್ನ ಪಕ್ಕದ ಮನೆಯವರು ಫೋನ್ ಮಾಡಿದಾಗ ಲಕ್ವ ಹೊಡೆದಿದೆ ಅಂತ ತಿಳಿಯಿತು. ಮೂರನೇ ದಿನ ಹೋದರು. ಆಸ್ಪತ್ರೆಯಲ್ಲೇ ಕೆಲಸ ಮಾಡುವವಳು ನಾನು, ತೊದಲು ಮಾತು ಯಾವುದರ ಗುರುತು ಅಂತ ಬೇರೆಯವರಿಗೆ ಹೇಳಿಕೊಡುವವಳು. ಎರಡು ವರ್ಷ ಬೀನ್ಸ್ ಹೆಚ್ಚುವಾಗ, ಬಸ್ಸಿನಲ್ಲಿ, ಬೇರೆಯವರ ಕಷ್ಟ ಕೇಳುತ್ತಾ ಕೂತಾಗಲೂ ‘ಸೆಟ್ಟು ಹಾಕ್ಕೊಂಡು ಮಾತಾಡಮ್ಮಾ’ ಅನ್ನುವ ನನ್ನದೇ ದನಿ. ಆ ಒಂದು ಸಾಲು ಮಾತ್ರ. ಅಲ್ಲಿಗೆ ಬಂದು ನಿಲ್ಲುವುದು, ಮತ್ತೆ ಮೊದಲಿಂದ.

ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಒಂದು ದಿನ ಊಟದ ಡಬ್ಬಿ ಪಕ್ಕಕ್ಕಿಟ್ಟು ಕೇಳಿದರು. ‘ಅದಾದ ಮೇಲೆ ಅಮ್ಮ ಏನಂದರು?’ ನನಗೆ ನೆನಪೇ ಇರಲಿಲ್ಲ. ಎರಡು ವರ್ಷದಲ್ಲಿ ಸಾವಿರ ಸಲ ಆ ಫೋನ್ ಕೇಳಿದ್ದೇನೆ, ಒಂದು ಸಲವೂ ಆ ಸಾಲು ದಾಟಿ ಮುಂದೆ ಹೋಗಿಲ್ಲ. ಅವರು ಬಿಡಲಿಲ್ಲ. ಎಲ್ಲಿ ನಿಂತಿದ್ದೆ, ಕೈಯಲ್ಲಿ ಏನಿತ್ತು, ಸ್ಟವ್ ಮೇಲೆ ಏನಿತ್ತು, ಯಾರು ಮೊದಲು ಹಲೋ ಅಂದರು ಅಂತ ಒಂದೊಂದಾಗಿ ಕೇಳಿದರು. ಸ್ಟವ್ ಮೇಲೆ ಹಾಲಿತ್ತು. ಅಮ್ಮ ನಕ್ಕಿದ್ದರು, ನನ್ನ ಜೊತೆಗೇ. ಆಮೇಲೆ ‘ಹಲಸಿನ ಹಪ್ಪಳ ಮುಗೀತಾ, ಕಳಿಸ್ಲಾ’ ಅಂದಿದ್ದರು. ಅಷ್ಟರಲ್ಲಿ ಹಾಲು ಉಕ್ಕಿತು, ಫೋನ್ ಇಟ್ಟೆ.

ಇದರಿಂದ ನನ್ನ ತಪ್ಪು ಅಳಿಸಿ ಹೋಗಲಿಲ್ಲ. ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಅದು ಹಾಗೇ ಇದೆ. ಆದರೆ ಅಮ್ಮ ನನಗೆ ವಾಪಸು ಸಿಕ್ಕಿದರು. ಅಲ್ಲಿಯ ತನಕ ಆ ನೆನಪಿನಲ್ಲಿ ಇದ್ದದ್ದು ನಾನೊಬ್ಬಳೇ.

ನಿಮ್ಮ ಪತ್ರದಲ್ಲೂ ಅದೇ ಕಂಡಿತು, ತಪ್ಪು ತಿಳಿಯಬೇಡಿ. ಟೀ ಇದೆ, ಟ್ರಾಕ್ಟರ್ ಇದೆ, ಲಾರಿ ಇದೆ, ಸಕ್ಕರೆ ಕಡಿಮೆ ಇತ್ತು ಅಂತಲೂ ಇದೆ. ತಮ್ಮ ಇಲ್ಲ. ಅವನ ವಯಸ್ಸೂ ಬರೆದಿಲ್ಲ ನೀವು. ಆ ಟೀ ಅಂಗಡಿಯಲ್ಲಿ ಅವನು ಎಲ್ಲಿ ಕೂತಿದ್ದ? ಏನು ಹೇಳುತ್ತಿದ್ದ? ರಿಸೆಪ್ಷನ್ ಊಟದ ಬಗ್ಗೆ ಏನಾದರೂ ತಮಾಷೆ ಮಾಡಿದನಾ? ಟೀ ದುಡ್ಡು ಕೊಟ್ಟದ್ದು ಯಾರು? ನೀವು ಅಳಿಸಿಹಾಕಬೇಕು ಅಂತ ದಿನಾ ರಾತ್ರಿ ಒದ್ದಾಡುತ್ತಿರುವ ಆ ಹತ್ತು ನಿಮಿಷ, ಅವನು ನಿಮ್ಮ ಎದುರು ಕೂತು ಮಾತಾಡಿದ ಕೊನೆಯ ಹತ್ತು ನಿಮಿಷ ಕೂಡ.

ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಎಡ್ವರ್ಡ್ ವಾಟ್ಕಿನ್ಸ್ ಈ ಕೊರಗಿನ ಮೇಲೆಯೇ ವರ್ಷಗಟ್ಟಲೆ ಕೆಲಸ ಮಾಡಿದವರು. ಅವರ ಚಿಕಿತ್ಸೆಯ ತಿರುಳನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ‘ಯಾಕೆ’ ಬಿಟ್ಟು ‘ಹೇಗೆ’ ಹಿಡಿ. ‘ಯಾಕೆ ನಿಲ್ಲಿಸಿದೆ’ ಅಂತ ಕೇಳಿದರೆ ಮನಸ್ಸು ಕೊಡುವ ಉತ್ತರ ಒಂದೇ, ‘ನೀನು ಕೆಟ್ಟವನು’. ‘ಹೇಗೆ ಆಯಿತು, ಮೊದಲು ಏನು, ಆಮೇಲೆ ಏನು’ ಅಂತ ಕೇಳಿದರೆ ಟೀ ಲೋಟ, ಬೆಂಚು, ಚಳಿ, ಅವನ ಸ್ವೆಟರು ಎಲ್ಲ ಬರುತ್ತವೆ. ಅಳು ಬರುತ್ತದೆ. ಆ ಅಳು ಬೇರೆ.

ಒಬ್ಬರೇ ಮಾಡಲು ಕಷ್ಟ ಅಂದರೆ ಬರೆಯುವ ದಾರಿ ಇದೆ. 1986ರಲ್ಲಿ ಜೇಮ್ಸ್ ಪೆನೆಬೇಕರ್ ಅನ್ನುವವರು ವಿದ್ಯಾರ್ಥಿಗಳಿಗೆ ಸಾಲಾಗಿ 4 ದಿನ, ದಿನಕ್ಕೆ 15 ನಿಮಿಷ, ತಮಗಾದ ದೊಡ್ಡ ನೋವಿನ ಬಗ್ಗೆ ಬರೆಯಲು ಹೇಳಿದರು. ಬರೆದ ಕೂಡಲೇ ಮನಸ್ಸು ಇನ್ನಷ್ಟು ಭಾರ ಆಯಿತು, ಅದು ನಿಮಗೂ ಆಗುತ್ತದೆ. ಆದರೆ ಮುಂದಿನ ತಿಂಗಳುಗಳಲ್ಲಿ, ಆಗಿದ್ದನ್ನೂ ಅನಿಸಿದ್ದನ್ನೂ ಸೇರಿಸಿ ಬರೆದವರು ಕಾಲೇಜಿನ ಆಸ್ಪತ್ರೆಗೆ ಹೋಗುವುದು ಕಡಿಮೆ ಆಗಿತ್ತು. ಆಮೇಲೆ ಅಂಥ ಬರಹಗಳನ್ನೇ ಎದುರಿಗಿಟ್ಟು ನೋಡಿದಾಗ ಇನ್ನೊಂದು ಸೂಕ್ಷ್ಮ ಸಿಕ್ಕಿತು. ಮೊದಲ ದಿನ ಚೆಲ್ಲಾಪಿಲ್ಲಿ ಬರೆದು ದಿನದಿಂದ ದಿನಕ್ಕೆ ‘ಅದರಿಂದ’, ‘ಈಗ ಗೊತ್ತಾಗುತ್ತಿದೆ’ ಅನ್ನುವಂಥ ಮಾತು ಜಾಸ್ತಿ ಆದವರಿಗೆ ಹೆಚ್ಚು ಲಾಭ ಆಗಿತ್ತು. ಮೊದಲ ದಿನದ ಕಥೆಯನ್ನೇ ನಾಲ್ಕನೇ ದಿನವೂ ಬರೆದರೆ ಅದು ಕೊರಗೇ, ಕೈಬರಹದಲ್ಲಿ.

ಮಾಡುವುದಾದರೆ ಬೆಳಿಗ್ಗೆ ಮಾಡಿ. ರಾತ್ರಿ ಬೇಡ, ಕುಡಿದು ಬೇಡವೇ ಬೇಡ. ಮನೆಯಲ್ಲಿ ಯಾರಾದರೂ ಇರಲಿ. ತಡೆಯಲಾಗದಷ್ಟು ಆದರೆ ನಿಲ್ಲಿಸಿ, ಚಿಕಿತ್ಸೆಗೆ ಹೋಗುವ ಕಡೆ ಆ ಹಾಳೆ ತೆಗೆದುಕೊಂಡು ಹೋಗಿ. ರಾತ್ರಿ ಹನ್ನೊಂದರ ಯೋಚನೆಗೆ ಇನ್ನೊಂದು ಉಪಾಯ ಇದೆ. ಸಂಜೆ ಅರ್ಧ ಗಂಟೆ ಅದಕ್ಕೇ ಅಂತ ಎತ್ತಿಡಿ, ಜಗುಲಿಯಲ್ಲೋ ಗದ್ದೆ ಬದುವಿನಲ್ಲೋ. ರಾತ್ರಿ ಬಂದಾಗ ‘ನಾಳೆ ಐದೂವರೆಗೆ ಬಾ’ ಅಂತ ಹೇಳಿ ಕಳಿಸಿ. ಕೇಳಲು ಹುಡುಗಾಟ ಅನಿಸುತ್ತದೆ. ಮೊದಲ ವಾರ ಕೇಳುವುದೂ ಇಲ್ಲ ಅದು. ಆಮೇಲಾಮೇಲೆ ಕೇಳುತ್ತದೆ.

ಇನ್ನು ಆ ವಿಡಿಯೋ. ನನಗೆ ಇಂಥ ವಿಡಿಯೋ ಕಂಡರೆ ಆಗುವುದಿಲ್ಲ. ಪೆಟ್ಟು ತಿಂದು ಬೆಳೆಯುವುದು ಅನ್ನುವ ಮಾತನ್ನು ಶಾಸ್ತ್ರಕ್ಕೆ ತಂದವರು ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಷಾರ್ಲೆಟ್ ಕ್ಯಾಂಪಸ್ಸಿನ ರಿಚರ್ಡ್ ಟೆಡೆಸ್ಕಿ ಮತ್ತು ಲಾರೆನ್ಸ್ ಕ್ಯಾಲ್‌ಹೂನ್. 1996ರಲ್ಲಿ ಅವರು ಅದನ್ನು ಅಳೆಯಲು 21 ಸಾಲುಗಳ ಪಟ್ಟಿ ತಂದರು. ಜನರ ಜೊತೆ ಹತ್ತಿರ ಆಗುವುದು, ಹೊಸ ದಾರಿ ಕಾಣುವುದು, ತನ್ನ ತಾಕತ್ತು ಗೊತ್ತಾಗುವುದು, ದೇವರು ಧ್ಯಾನದ ಕಡೆ ತಿರುಗುವುದು, ಬದುಕಿನ ಬೆಲೆ ತಿಳಿಯುವುದು, ಹೀಗೆ ಐದು ಬಗೆ. ಅವರು ಹೇಳಿದ್ದನ್ನು ವಿಡಿಯೋದವರು ಅರ್ಧ ಕತ್ತರಿಸಿದ್ದಾರೆ. ಪೆಟ್ಟು ಯಾರನ್ನೂ ಬೆಳೆಸುವುದಿಲ್ಲ, ಪೆಟ್ಟು ಬರೀ ಪೆಟ್ಟು. ಆಮೇಲೆ ಅದರ ಜೊತೆ ಗುದ್ದಾಡುವುದರಲ್ಲಿ ಏನಾದರೂ ಹುಟ್ಟಿದರೆ ಹುಟ್ಟಬಹುದು. ಹುಟ್ಟಿದರೂ ನೋವು ಪಕ್ಕದಲ್ಲೇ ಇರುತ್ತದೆ, ಎದ್ದು ಹೋಗುವುದಿಲ್ಲ. ಕೇಳದೆ ನುಗ್ಗುವ ಯೋಚನೆ, ತಾನಾಗಿ ಕೂತು ಮಾಡುವ ಯೋಚನೆ ಅಂತ ಎರಡನ್ನು ಬೇರೆ ಮಾಡಿ ಅವರ ತಂಡ 2011ರಲ್ಲಿ ಇನ್ನೊಂದು ಪಟ್ಟಿ ಕೊಟ್ಟಿತು. ನುಗ್ಗುವುದು ಸಂಕಟದ ಜೊತೆ ಹೋಗುತ್ತದೆ, ಕೂತು ಮಾಡುವುದು ಬೆಳವಣಿಗೆಯ ಜೊತೆ. ಮೊದಲ ದಿನಗಳಲ್ಲಿ ಎಲ್ಲರಿಗೂ ನುಗ್ಗುವುದೇ. ಅದು ಸಹಜ.

ಮತ್ತೊಂದು ಮಾತು. ‘ನಾನು ಬೆಳೆದೆ’ ಅನ್ನುವವರನ್ನೆಲ್ಲ ನಂಬಬೇಡಿ. 2009ರಲ್ಲಿ ಕೆಲವರು ವಿದ್ಯಾರ್ಥಿಗಳನ್ನು ಪೆಟ್ಟಿಗೆ ಮೊದಲೂ ಆಮೇಲೂ ಅಳೆದು ನೋಡಿದರು. ಅವರು ಬೆಳೆದೆ ಅಂದದ್ದಕ್ಕೂ ನಿಜವಾಗಿ ಬದಲಾದದ್ದಕ್ಕೂ ತಾಳೆ ಆಗಲಿಲ್ಲ. ನಮಗೆ ನಾವು ಹೇಳಿಕೊಳ್ಳುವ ಸಮಾಧಾನವೂ ಅದರಲ್ಲಿ ಇರುತ್ತದೆ. ಅಮ್ಮ ಹೋದ ಮೇಲೆ ನೀನು ಬದಲಾದೆ ಅಂತ ನನಗೂ ಹೇಳುತ್ತಾರೆ. ನಾನು ಮಾಡುವುದು ಇಷ್ಟೇ. ಯಾರಾದರೂ ವಯಸ್ಸಾದವರು ಫೋನ್ ಮಾಡಿದರೆ ಹಾಲು ಇಳಿಸಿ ಮಾತಾಡುತ್ತೇನೆ.

ಕೊನೆಗೆ ಆ ಟೇಪ್. ಯಾಕೆ ತಂದೆ ಗೊತ್ತಿಲ್ಲ ಅಂದಿದ್ದೀರಿ. ನನಗೆ ಸ್ವಲ್ಪ ಗೊತ್ತಾಗುತ್ತದೆ, ಆದರೆ ಹೇಳುವುದಿಲ್ಲ. ಅದನ್ನು ಅಂಟಿಸಿದರೆ ತಮ್ಮನ ಸಾವಿಗೆ ಅರ್ಥ ಬರುತ್ತದೆ ಅಂತ ಯಾರಾದರೂ ಭಾಷಣ ಮಾಡಿದರೆ ಎದ್ದು ಬನ್ನಿ. ಅಂಟಿಸಲೇಬೇಕು ಅಂತಿಲ್ಲ. ಕಬ್ಬಿನ ಸೀಸನ್ ಮತ್ತೆ ಬರುತ್ತದೆ, ಟೇಪ್ ಕೆಡುವುದಿಲ್ಲ. ಬೀರು ಮೇಲೆ ಇರಲಿ. ಡಾಕ್ಟರನ್ನು ನೋಡಿದ ಮೇಲೆ ನನಗೆ ಮತ್ತೆ ಬರೆಯಿರಿ, ಅವನು ಟೀ ಅಂಗಡಿಯಲ್ಲಿ ಏನು ಹೇಳಿದ ಅಂತ.

ಪ್ರಶ್ನೆ: ನನಗೆ 66. ದಾವಣಗೆರೆ. ನನ್ನ ಮಗಳ ಗಂಡ 2021ರ ಮೇ ತಿಂಗಳಲ್ಲಿ ಕೊರೊನಾದಿಂದ ತೀರಿಕೊಂಡರು. ಮಗಳು ಈಗ ನನ್ನ ಜೊತೆಗಿದ್ದಾಳೆ, ಕೆಲಸಕ್ಕೆ ಹೋಗುತ್ತಾಳೆ. ಆದರೆ ಯಾರು ಮನೆಗೆ ಬಂದರೂ ಆ ರಾತ್ರಿಯ ಕಥೆ ಶುರು ಮಾಡುತ್ತಾಳೆ. ಬೆಡ್ಡಿಗೆ ಅಲೆದದ್ದು, ಆಕ್ಸಿಜನ್ ಸಿಲಿಂಡರಿಗೆ ಫೋನ್ ಮಾಡಿದ್ದು. ನೆಂಟರಿಗೆ ಸಾಕಾಗಿದೆ. ನಾವೆಲ್ಲ ‘ಮರೆತುಬಿಡು ಪುಟ್ಟಿ’ ಅನ್ನುತ್ತೇವೆ. ಆಗ ಇನ್ನೂ ಜಾಸ್ತಿ ಹೇಳುತ್ತಾಳೆ. ನಾನು ಏನು ಮಾಡಲಿ?

ಉತ್ತರ: ಅಕ್ಕಾ, ಕೋತಿ ನೆನೆಯದೆ ಔಷಧಿ ಕುಡಿ ಅಂತ ವೈದ್ಯರು ಹೇಳಿದ ಕಥೆ ನಿಮಗೆ ಗೊತ್ತೇ ಇರುತ್ತದೆ. ಲೋಟ ಎತ್ತಿದರೆ ಕೋತಿಯೇ. ಡೇನಿಯಲ್ ವೆಗ್ನರ್ ಅನ್ನುವವರು 1987ರಲ್ಲಿ ಇದನ್ನೇ ಬಿಳಿ ಕರಡಿ ಇಟ್ಟು ಪರೀಕ್ಷೆ ಮಾಡಿದರು. ಕರಡಿ ನೆನೆಯಬೇಡಿ ಅಂದವರಿಗೆ ಅದು ಬರುತ್ತಲೇ ಇತ್ತು. ಆಮೇಲೆ ‘ಈಗ ನೆನೆಯಬಹುದು’ ಅಂದಾಗ, ಮೊದಲಿಂದ ನೆನೆಯಲು ಬಿಟ್ಟವರಿಗಿಂತ ಜಾಸ್ತಿ ಬಂತು. ‘ಮರೆತುಬಿಡು ಪುಟ್ಟಿ’ ಅನ್ನುವುದು ಆ ಔಷಧಿಯ ಲೋಟ.

ಅವಳು ಮತ್ತೆ ಮತ್ತೆ ಹೇಳುವುದು ನೀವು ಕೇಳಿಲ್ಲ ಅಂತ ಇರಬಹುದು. ಕೇಳಿ ಕೇಳಿ ಸಾಕಾಗಿದೆ ಅನ್ನುತ್ತೀರಿ, ನಿಜ. ಆದರೆ ಮಧ್ಯದಲ್ಲಿ ಕಾಫಿ ತರಲು ಎದ್ದು ಹೋಗದೆ, ‘ಆಗಿದ್ದು ಆಯ್ತು ಬಿಡು’ ಅನ್ನದೆ, ಕೊನೆ ತನಕ ಯಾರಾದರೂ ಕೂತಿದ್ದಾರಾ? ಒಂದು ಭಾನುವಾರ ನೀವು ಕೂತುಕೊಳ್ಳಿ. ಕಥೆ ಯಾವಾಗಲೂ ನಿಲ್ಲುವ ಜಾಗ ನಿಮಗೆ ಗೊತ್ತಿರುತ್ತದೆ. ಸಿಲಿಂಡರಿನವನು ಫೋನ್ ಇಟ್ಟ ಜಾಗ ಇರಬಹುದು. ಅಲ್ಲಿ ‘ಆಮೇಲೆ?’ ಅಂತ ಕೇಳಿ. ಅಳಿಯಂದಿರು ಕೊನೆಗೆ ಏನಂದರು, ಅವಳು ಯಾರಿಗೆ ಮೊದಲು ಹೇಳಿದಳು, ಆ ದಿನ ಏನು ತಿಂದಳು, ಬೆಳಿಗ್ಗೆ ಮನೆಗೆ ಹೇಗೆ ಬಂದಳು. ಬಹಳ ಜನಕ್ಕೆ ಆ ಎರಡನೇ ಅಲೆಯಲ್ಲಿ ಮುಖ ನೋಡಿ ಕಳಿಸಿಕೊಡಲೂ ಆಗಲಿಲ್ಲ. ಕಥೆ ಮುಗಿಯದೆ ಉಳಿಯುವುದಕ್ಕೆ ಅದೂ ಕಾರಣ ಇರಬಹುದು. ಅವಳು ಬಯಸಿದರೆ ಮನೆ ಮಟ್ಟಿಗೆ ಏನಾದರೂ ಮಾಡಿ, ಅವರಿಗೆ ಇಷ್ಟದ ಅಡುಗೆ ಮಾಡಿ ನಾಲ್ಕು ಜನ ಗೆಳೆಯರನ್ನು ಕರೆಯಿರಿ.

ಒಂದು ಎಚ್ಚರ. ಕೂತು ಕೇಳುವುದು ಬೇರೆ, ಜೊತೆಗೆ ಕೂತು ಕೊರಗುವುದು ಬೇರೆ. ‘ಹೌದು ಕಣೇ, ನಮ್ಮ ಹಣೆಬರಹ’ ಅಂತ ನೀವೂ ಶುರು ಮಾಡಿದರೆ ಇಬ್ಬರೂ ಗಾಣದ ಎತ್ತಾಗುತ್ತೀರಿ. ನಿಮಗೂ ಅಳಿಯ ಹೋಗಿದ್ದಾರೆ ಅನ್ನುವುದು ನನಗೆ ಗೊತ್ತು. ನಿಮ್ಮದನ್ನು ಹೇಳಿಕೊಳ್ಳಲು ಬೇರೆ ಯಾರಾದರೂ ಇರಲಿ, ತಂಗಿಯೋ, ದೇವಸ್ಥಾನದ ಗೆಳತಿಯೋ. ಇಷ್ಟು ವರ್ಷ ಆದರೂ ಊಟ, ನಿದ್ದೆ ಕೆಟ್ಟಿದ್ದರೆ, ಅವಳ ದಿನವೆಲ್ಲ ಆ ರಾತ್ರಿಯ ಸುತ್ತಲೇ ಕಳೆಯುತ್ತಿದ್ದರೆ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕೆಲಸಕ್ಕೆ ಹೋಗುತ್ತಾಳೆ ಅಂದಮಾತ್ರಕ್ಕೆ ಸರಿಯಾಗಿದ್ದಾಳೆ ಅಂತಲ್ಲ.

ಪ್ರಶ್ನೆ: ನಾನು ಡಿಗ್ರಿ ಎರಡನೇ ವರ್ಷ, ಹಾವೇರಿ. ಆರು ತಿಂಗಳ ಹಿಂದೆ ಅಪ್ಪ ಹಾರ್ಟ್ ಅಟ್ಯಾಕಿನಲ್ಲಿ ಹೋದರು. ನಾನು ಅತ್ತೆ, ಆದರೆ ಇಪ್ಪತ್ತನೇ ದಿನಕ್ಕೆ ಕ್ರಿಕೆಟ್ ಆಡಲು ಹೋದೆ. ಲೆಫ್ಟ್ ಆರ್ಮ್ ಸ್ಪಿನ್ ಮಾಡುತ್ತೇನೆ. ದೊಡ್ಡಪ್ಪ ‘ಕಲ್ಲು ಮನಸ್ಸಿನವನು’ ಅಂದರು. ಅಪ್ಪನ ನೆನಪು ಬರುತ್ತದೆ, ಆದರೆ ಅದೇ ಯೋಚನೆಯಲ್ಲಿ ಇರುವುದಿಲ್ಲ. ಇದು ಒಳಗೆ ಅದುಮಿಟ್ಟು ಮುಂದೆ ಸ್ಫೋಟ ಆಗುತ್ತದಾ?

ಉತ್ತರ: ಆಗಲೇಬೇಕು ಅಂತಿಲ್ಲ ಮರಿ. ಹತ್ತಿರದವರು ಹೋದ ಮೇಲೂ ದಿನದ ಕೆಲಸ ಮಾಡಿಕೊಂಡು, ನಡುನಡುವೆ ಅತ್ತು, ನಡುನಡುವೆ ನಕ್ಕು ಇರುವವರು ತುಂಬಾ ಜನ. ಕೊಲಂಬಿಯಾ ವಿಶ್ವವಿದ್ಯಾಲಯದ ಜಾರ್ಜ್ ಬೊನಾನೊ ಇಂಥವರನ್ನೇ ಹಿಂಬಾಲಿಸಿ ನೋಡಿದವರು. ಇವರು ಅಪರೂಪದವರಲ್ಲ, ಇವರ ಮನಸ್ಸಿಗೆ ಕಾಯಿಲೆಯೂ ಇಲ್ಲ ಅಂತ 2004ರಲ್ಲಿ ಬರೆದರು. ಮೆಲುಕು ಹಾಕಲು ಗಂಟಲಲ್ಲಿ ಏನೂ ಸಿಕ್ಕಿಹಾಕಿಕೊಂಡಿಲ್ಲ ಅಂದರೆ ಹುಡುಕಿ ತರಬೇಕಾಗಿಲ್ಲ. ಅತ್ತೆ, ಅಪ್ಪನ ನೆನಪು ಬರುತ್ತದೆ ಅಂತ ನೀವೇ ಬರೆದಿದ್ದೀರಿ, ಅಷ್ಟು ಸಾಕು.

ದೊಡ್ಡಪ್ಪನ ಮೇಲೆ ಸಿಟ್ಟು ಬೇಡ. ಅವರು ತಮ್ಮನನ್ನು ಕಳೆದುಕೊಂಡಿದ್ದಾರೆ. ಒಂದು ಸಂಜೆ ಅವರನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ. ಅಪ್ಪ ಚಿಕ್ಕವರಿದ್ದಾಗ ಏನು ಆಡುತ್ತಿದ್ದರು ಅಂತ ಕೇಳಿ.